ವಿದ್ರುಮವೂ ಅದರ ಚಿಕಿತ್ಸೆಯೂ

ಪಂಪೆಯು ಹಂಪೆಯಾದ ದಾರಿಯಲ್ಲಿಯೇ ಪವಳವು ಹವಳವಾಯಿತು. ಪಕಾರವು ಹಕಾರವಾಗಿ ತಿರುಗಿದ ಈ ಎರಡು ಮಾತುಗಳಿಗೆ ಚರಿತ್ರೆಯಲ್ಲಿ ಇನ್ನೊಂದು ನಂಟೂ ಉಂಟು. ಕ್ರಿ. ಶ. ೧೫೧೬ರ ಸುಮಾರಿಗೆ ವಿಜಯನಗರದ ವ್ಯಾಪಾರವನ್ನು ವರ್ಣಿಸಿದ ಪೋರ್ಚುಗೀಸನಾದ ದುವಾರ್ತೆ ಬಾರ್ಬೊಸನು, ತಾಮ್ರ, ಪಾದರಸ, ಇಂಗಲೀಕ, ಕೇಸರಿ, ಪನ್ನೀರು ಮೊದಲಾದ ಸರಕುಗಳೊಡನೆ ದುಂಡುಮಣಿಗಳಾಗಿ ಕಡೆದ ಹವಳವನ್ನೂ ಎಣಿಸಿರುವನು. ಕೆಂಪು ಹವಳದ ತವರು ಮೆಡಿಟರೇನಿಯನ್ ಸಮುದ್ರ. ಅಲ್ಲಿ ಹುಟ್ಟಿದುದು ಹಡಗೇರಿ, ಘಟ್ಟವೇರಿ, ತುಂಗಭದ್ರೆಯ ದಡಕ್ಕೆ ಬಂದು ನಮ್ಮ ಹಿರಿಯರ ಕೊರಳನ್ನು ಸೇರುತ್ತಿತ್ತು.

ಈಗಿನ ಕಾಲದಲ್ಲಿ ಕಡಲನ್ನೇ ಕಾಣದ ಹೊಸಪೇಟೆಯಂತಹ ಊರಿನ ಮನೆಯಲ್ಲಿಯೂ ಗಾಜಿನ ತೊಟ್ಟಿಯೊಳಗೆ ಉಪ್ಪುನೀರನ್ನು ಕಲಸಿ ಜೀವಂತವಾದ ಮೃದುಹವಳವನ್ನು ಸಾಕುವುದು ಸಾಧ್ಯವಾಗಿದೆ. ಸಾಕಿದ ಮೇಲೆ ಅದಕ್ಕೆ ರೋಗ ಬರುವುದೂ ಸಹಜವೇ. ಆ ರೋಗಕ್ಕೆ ಮದ್ದೇನೆಂಬ ಪ್ರಶ್ನೆಗೆ ಉತ್ತರ ಹುಡುಕುವವರು ಅದಕ್ಕಿಂತ ಹಳೆಯದಾದ ಇನ್ನೊಂದು ಪ್ರಶ್ನೆಯನ್ನು ಮೊದಲು ಬಿಡಿಸಬೇಕು. ಹವಳವೆಂಬುದು ಕಲ್ಲೋ, ಮರವೋ, ಪ್ರಾಣಿಯೋ?

ಅಮರಸಿಂಹನು ವಿದ್ರುಮ, ಪ್ರವಾಲ ಎಂಬ ಹೆಸರುಗಳನ್ನು ಮುತ್ತಿನ ಮಗ್ಗುಲಲ್ಲಿಟ್ಟು ರತ್ನಗಳ ಸಾಲಿಗೆ ಸೇರಿಸಿದನು. ಆದರೆ ಹೆಸರುಗಳು ಬೇರೊಂದನ್ನು ಹೇಳುತ್ತವೆ. ವಿದ್ರುಮದಲ್ಲಿ ದ್ರುಮವಿದೆ; ಪ್ರವಾಲವೆಂದರೆ ಎಳೆಯ ಚಿಗುರೆಂದೂ ಅರ್ಥವಿದೆ. ಕೊಂಬೆಕೊಂಬೆಯಾಗಿ ಬೆಳೆದುದನ್ನು ಕಂಡು ಪ್ರಾಚೀನರು ಕಡಲೊಳಗಿನ ಮರವೆಂದು ಬಗೆದರು. ಯುರೋಪಿನ ಪಂಡಿತರ ಭಾವನೆಯೂ ಬಹುಕಾಲ ಇದೇ ಆಗಿತ್ತು. ರಸವೈದ್ಯರು ಅದನ್ನು ಶುದ್ಧಿಮಾಡಿ ಪುಟವಿಟ್ಟು ಪ್ರವಾಳಭಸ್ಮವನ್ನಾಗಿಸಿ ಕಾಸ, ರಕ್ತಪಿತ್ತಗಳಲ್ಲಿ ಕೊಡುತ್ತ ಬಂದಿದ್ದಾರೆ. ಇಂತು ಹವಳವು ಮಣಿಯಾಗಿಯೂ ಮದ್ದಾಗಿಯೂ ನಮ್ಮನ್ನು ಸೇರಿತು. ಸೇರಿದುದೆಲ್ಲವೂ ಸತ್ತ ಜೀವಿಯ ಅಸ್ಥಿಯೇ ಆದುದರಿಂದ, ಅದಕ್ಕೇ ರೋಗ ಬರಬಹುದೆಂಬ ವಿಚಾರಕ್ಕೆ ಆಸ್ಪದವಿರಲಿಲ್ಲ.

ಈ ಭ್ರಮೆಯನ್ನು ಕಳೆದುದು ಒಂದು ಪಾತ್ರೆ ಕಡಲನೀರು. ೧೭೦೬ರಲ್ಲಿ ಮಾರ್ಸಿಲಿಯೆಂಬ ಇಟಲಿಯ ವಿದ್ವಾಂಸನು ಆಗ ತಾನೇ ತೆಗೆದ ಹವಳವನ್ನು ಸಮುದ್ರದ ನೀರಿನಲ್ಲಿಟ್ಟಾಗ ಅದರ ಮೈಮೇಲೆ ಬಿಳಿಯ ಎಸಳುಗಳು ಅರಳಿದುವು. ಅವನು ಅವನ್ನು ಹೂಗಳೆಂದು ತಿಳಿದನು. ಸುಮಾರು ೨೦ ವರ್ಷಗಳ ತರುವಾಯ ಮಾರ್ಸೇಲ್ಸಿನ ವೈದ್ಯ ಪೆಯ್ಸೊನೆಲನು ಆಫ್ರಿಕದ ಉತ್ತರ ತೀರದಲ್ಲಿ ಅಂತಹುದೇ ಪರೀಕ್ಷೆಯನ್ನು ನಡೆಸಿ, ಅರಳುವುದು ಹೂವಲ್ಲ, ಪ್ರಾಣಿಯೆಂದು ಸಾರಿದನು. ಪ್ಯಾರಿಸಿನ ಪಂಡಿತರು ಮೊದಲು ಅದನ್ನೊಪ್ಪಲಿಲ್ಲ. ೧೭೪೦ರ ದಶಕದಲ್ಲಿ ಒಪ್ಪಬೇಕಾಯಿತು. ಆ ಎಸಳುಗಳು ಎಂಟು. ತೊಟ್ಟಿಯ ಮೃದುಹವಳಕ್ಕೂ ಎಂಟೇ. ಎಂದರೆ ಹಂಪೆಗೆ ಬಂದ ಕೆಂಪು ಮಣಿಯೂ ಈ ಮೆತ್ತನೆಯ ಜೀವಿಯೂ ಒಂದೇ ವಂಶದ ದಾಯಾದಿಗಳು. ಜಕಾರ್ತದ ಲೀ ಚಿನ್ ಎಂಗ್ ಎಂಬವರು ಜೀವಾಣುಗಳಿಂದ ಕೂಡಿದ ಸಮುದ್ರದ ಬಂಡೆ, ಗಾಳಿಯ ಗುಳ್ಳೆಗಳ ಬಲದಿಂದ ಹವಳಗಳನ್ನು ತೊಟ್ಟಿಯಲ್ಲಿ ಬದುಕಿಸುವ ಕ್ರಮವನ್ನು ೧೯೬೧ರಲ್ಲಿ ಪ್ರಕಟಿಸಿದ ಮೇಲೆ ಈ ಸಾಕಣೆ ಮನೆಮನೆಗೂ ಹಬ್ಬುವಂತಾಯಿತು.

ಇನ್ನು ಚಿಕಿತ್ಸೆಯ ಮಾತು. ನಿದಾನವು ಮೊದಲು, ಔಷಧವು ಆಮೇಲೆ. ಸಾರ್ಕೊಫೈಟನ್ ಎಂಬ ಅಣಬೆಯಾಕಾರದ ಮೃದುಹವಳವು ಆಗಾಗ ಮುದುಡಿಕೊಂಡು ಮೇಣದಂತಹ ಪೊರೆಯನ್ನು ಕಳಚುತ್ತದೆ. ಇದು ಹಾವು ಪೊರೆ ಬಿಡುವಂತಹ ಧರ್ಮವೇ ಹೊರತು ರೋಗವಲ್ಲ. ಮೈ ಕಪ್ಪಾಗಿ, ಕೊಳೆತು, ದುರ್ಗಂಧ ಬಂದರೆ ಮಾತ್ರ ರೋಗ. ಆಗ ಅದನ್ನು ಬೇರೆ ಪಾತ್ರೆಯಲ್ಲಿಟ್ಟು, ಹರಿತವಾದ ಅಲಗಿನಿಂದ ಕೊಳೆತ ಭಾಗವನ್ನು ಗಟ್ಟಿಮಾಂಸದ ವರೆಗೂ ಕೊಯ್ದು, ತೊಟ್ಟಿಯದೇ ನೀರಿನಲ್ಲಿ ತಯಾರಕರು ಹೇಳಿದ ಅಳತೆಗೆ ಅಯೋಡಿನನ್ನು ಬೆರೆಸಿ ಸ್ವಲ್ಪ ಹೊತ್ತು ಅದ್ದಿ, ನೀರು ಚೆನ್ನಾಗಿ ಆಡುವೆಡೆಯಲ್ಲಿ ನಿಲ್ಲಿಸಬೇಕು. ನೊಂದ ಮೃದುಹವಳವು ನೀರಿಗೆ ವಿಷವನ್ನು ಬಿಡುವುದರಿಂದ ಇದ್ದಲಿನ ಶೋಧಕವನ್ನೂ ಇಡಬೇಕು. ಮೀನುಗಳಿಗೆ ಹಾಕುವ ತಾಮ್ರದ ಮದ್ದು ಹವಳಕ್ಕೆ ಮೃತ್ಯುವೆಂಬುದನ್ನು ಮರೆಯಲಾಗದು.

ಆದರೆ ಕೊಯ್ದು ಅದ್ದುವುದು ಅರ್ಧ ಚಿಕಿತ್ಸೆ. ಕಂಪ್ಲಿಯ ಗದ್ದೆಯವನು ಪೈರು ಹಳದಿಯಾದರೆ ಮೊದಲು ಕಾಲುವೆಯ ನೀರನ್ನೂ ಮಣ್ಣನ್ನೂ ನೋಡುತ್ತಾನೆಯಷ್ಟೆ. ಇಲ್ಲಿಯೂ ಹಾಗೆಯೇ. ಸಾವಿರ ಭಾಗ ನೀರಿಗೆ ಸುಮಾರು ೩೫ ಭಾಗ ಉಪ್ಪು, ೨೪ರಿಂದ ೨೬ ಡಿಗ್ರಿ ಸೆಲ್ಸಿಯಸ್ ಶಾಖ ಇರಬೇಕು. ನಮ್ಮ ಸೀಮೆಯ ವೈಶಾಖದ ಬಿಸಿಲಿಗೆ ತೊಟ್ಟಿ ಕಾಯುತ್ತದೆ. ನೀರು ಆವಿಯಾಗಿ ಹೋದರೂ ಉಪ್ಪು ಉಳಿಯುತ್ತದೆ. ಆದುದರಿಂದ ಕಡಮೆಯಾದಷ್ಟನ್ನು ಉಪ್ಪುನೀರಿನಿಂದಲ್ಲ, ಶುದ್ಧೀಕರಿಸಿದ ಸಿಹಿನೀರಿನಿಂದ ತುಂಬಬೇಕು. ಮಿತಿಮೀರಿದ ಫಾಸ್ಫೇಟನ್ನು ಹೀರಲು ಸಾಧಕರು ಕಬ್ಬಿಣದ ಆಕ್ಸೈಡಿನ ಕಣಗಳನ್ನು ಬಳಸುತ್ತಾರೆ. ಸಂಡೂರಿನ ಬೆಟ್ಟಗಳನ್ನು ಕೆಂಪಾಗಿಸಿದ ವಸ್ತುವಿನ ಬಂಧುವೇ ಅದು. ಆದರೆ ಅದಿರಿನ ಪುಡಿಯನ್ನೇ ಹಾಕುವುದು ಸಲ್ಲದು.

ತೊಟ್ಟಿಯ ಪಾಠವು ಕಡಲಿಗೂ ಸಲ್ಲುತ್ತದೆ. ೧೯೫೬ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಅಮೀನಿದಿವಿ ದ್ವೀಪಗಳೂ ಒಳಗೊಂಡಂತೆ ಲಕ್ಷದ್ವೀಪವೆಲ್ಲವೂ ಹವಳದ ಮೇಲೆ ನಿಂತ ನೆಲ. ೧೯೯೮ರಲ್ಲಿ ಸಮುದ್ರವು ಕಾದು ಅಲ್ಲಿಯ ಹವಳಗಳು ತಮ್ಮೊಳಗಿದ್ದ ಅನ್ನದಾತ ಪಾಚಿಯನ್ನು ಕಳೆದುಕೊಂಡು ಬೆಳ್ಳಗಾದುವು, ಬಹಳಷ್ಟು ಸತ್ತುವು. ಕಡಲನ್ನು ಅಯೋಡಿನಿನಲ್ಲಿ ಅದ್ದುವವರಾರು? ೨೦೦೧ರಲ್ಲಿ ಭಾರತ ಸರಕಾರವು ಬಂಡೆ ಕಟ್ಟುವ ಹವಳ, ಕಪ್ಪು ಹವಳ, ಕಡಲಬೀಸಣಿಗೆಗಳನ್ನು ವನ್ಯಜೀವಿ ಕಾಯಿದೆಯ ಒಂದನೆಯ ಪರಿಶಿಷ್ಟದಲ್ಲಿ ಸೇರಿಸಿತು. ಅವನ್ನು ಕಡಲಿಂದ ಕೀಳುವುದು ಅಪರಾಧ. ಮೃದುಹವಳವನ್ನು ಕೊಳ್ಳುವವರೂ ಅದು ಎಲ್ಲಿಂದ ಬಂದಿತೆಂದು ಕೇಳಿಯೇ ಕೊಳ್ಳತಕ್ಕದ್ದು.

ನಮ್ಮ ಪೂರ್ವಿಕರಿಗೆ ಮದ್ದಾಗಿದ್ದುದು ನಮ್ಮ ಕಾಲದಲ್ಲಿ ರೋಗಿಯಾಗಿದೆ. ಅವರು ಅದನ್ನು ಮರವೆಂದು ತಿಳಿದಿದ್ದರು; ಜೀವವೆಂದು ಬಲ್ಲ ನಮಗೆ ಹೊಣೆಯು ಹೆಚ್ಚು.