ಪದ ಪರಿಚಯ: ಆಂಜೈನಾ

ಮೆಟ್ಟಿಲು ಹತ್ತುವಾಗ ಎದೆ ಹಿಂಡಿದಂತಾಗಿ, ನಿಂತು ಸುಧಾರಿಸಿಕೊಂಡರೆ ಕಡಿಮೆಯಾಗುವ ನೋವಿಗೆ ವೈದ್ಯರು ಆಂಜೈನಾ ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಇದು ಗಂಟಲು ಬೇನೆಯ ಹೆಸರು. ಕತ್ತು ಹಿಸುಕುವುದು ಎಂಬರ್ಥದ ಧಾತುವಿಗೆ ಸೇರಿದ್ದು. ಇಕ್ಕಟ್ಟು, ಸಂಕಟ ಎನ್ನುವ ಸಂಸ್ಕೃತದ ‘ಅಂಹಸ್’ ಅದರ ದೂರದ ದಾಯಾದಿ. 1768ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ ಪದವನ್ನು ಎದೆಗೆ ತಂದು ‘ಆಂಜೈನಾ ಪೆಕ್ಟೋರಿಸ್’ ಎಂದರು. ಉಂಡ ಮೇಲೆ ಏರು ಹತ್ತುವಾಗ ಹೆಚ್ಚು ಎಂಬ ಅವರ ವಿವರಣೆ ಇಂದಿಗೂ ಸರಿ.

ಕಾರಣ ಸಾಮಾನ್ಯವಾಗಿ ಒಂದೇ: ಹೃದಯದ ಸ್ನಾಯುವಿಗೇ ರಕ್ತ ಒಯ್ಯುವ ಕರೋನರಿ ನಾಳಗಳಲ್ಲಿ ಕೊಬ್ಬು ಕಟ್ಟಿ ದಾರಿ ಕಿರಿದಾಗುವುದು. ಬೀಡಿ ಸಿಗರೇಟು, ಸಕ್ಕರೆ ಕಾಯಿಲೆ, ಬಿಪಿ ಅದನ್ನು ಬೆಳೆಸುತ್ತವೆ.

ಕನ್ನಡದಲ್ಲಿ ‘ಹೃದಯಶೂಲೆ’ ಎಂಬ ಪದವಿದೆ. ಆದರೆ ಶೂಲೆ ಇರಿಯುವಂಥದ್ದು. ಈ ನೋವು ಅಮುಕುತ್ತದೆ. ಎಷ್ಟೋ ರೋಗಿಗಳು ಬೆರಳಿನಿಂದ ತೋರಿಸದೆ ಮುಷ್ಟಿ ಕಟ್ಟಿ ಎದೆಯ ನಡುವೆ ಇಟ್ಟುಕೊಳ್ಳುತ್ತಾರೆ. ‘ಎದೆ ಹಿಂಡ್ತಾ ಇದೆ’ ಎಂಬ ಆಡುಮಾತೇ ನನಗೆ ಹೆಚ್ಚು ನಿಖರವೆನಿಸುತ್ತದೆ. ನನಗೆ ಭಯವಿರುವುದು ಎದೆನೋವನ್ನು ತಳ್ಳಿಹಾಕಲು ಬಳಸುವ ‘ಗ್ಯಾಸ್’ ಎಂಬ ಪದದ ಬಗ್ಗೆ. ಕೂತರೂ ಬಿಡದ, ಬೆವರು ಕಿತ್ತು ಬರುವ ನೋವು ಹೃದಯಾಘಾತವಾಗಿರಬಹುದು. ಆಗ ಸೋಡಾ ಕುಡಿಸುತ್ತಾ ಕೂರದೆ 108ಕ್ಕೆ ಕರೆ ಮಾಡಬೇಕು.