ಪಡಸಾಲೆಯ ಬಾಡಿಗೆದಾರ: ಪುಣೆಯ ಕಲಾ ಗ್ಯಾಲರಿಗಳ ಬೆಳವಣಿಗೆ

ಪುಣೆಯಲ್ಲಿ ಚಿತ್ರಗಳನ್ನು ತೂಗುಹಾಕಿ ತೋರಿಸುವ ಜಾಗಕ್ಕೆ ಮರಾಠಿಯಲ್ಲಿ ‘ಕಲಾದಾಲನ’ ಎಂಬ ಹೆಸರಿದೆ. ದಾಲನವೆಂದರೆ ಹಜಾರ, ಪಡಸಾಲೆ. ಹೆಸರಿಟ್ಟವರ ಉದ್ದೇಶ ಏನೇ ಇದ್ದಿರಲಿ, ಈ ಮಾತು ಅಲ್ಲಿನ ಚಿತ್ರಕಲೆಯ ಸ್ಥಿತಿಗೆ ಚೆನ್ನಾಗಿ ಒಪ್ಪುತ್ತದೆ. ಏಕೆಂದರೆ ಆ ನಗರದಲ್ಲಿ ಚಿತ್ರಕಲೆ ಬಹುಕಾಲ ಸ್ವಂತ ಮನೆಯಿಲ್ಲದೆ ನಾಟಕ, ನೃತ್ಯ, ಕಾಲೇಜು, ಕೊನೆಗೆ ಹೋಟೆಲಿನ ಪಡಸಾಲೆಯಲ್ಲೂ ಬಾಡಿಗೆದಾರನಂತೆ ಬಾಳಿದೆ. ಇಲ್ಲಿ ಗ್ಯಾಲರಿ ಎಂಬ ಶಬ್ದದ ಎರಡು ಅರ್ಥಗಳನ್ನು ಬೇರ್ಪಡಿಸಿಕೊಳ್ಳುವುದು ಅಗತ್ಯ. ಬಾಡಿಗೆ ಕಟ್ಟಿದ ಯಾವ ಕಲಾವಿದನಿಗಾದರೂ ಕೆಲವು ದಿನಗಳ ಮಟ್ಟಿಗೆ ದೊರೆಯುವ ಕೋಣೆ ಒಂದು ಬಗೆ. ತಾನೇ ಕಲಾವಿದರನ್ನು ಆಯ್ದು, ಪ್ರದರ್ಶನದ ವೆಚ್ಚ ವಹಿಸಿ, ಕೃತಿ ಮಾರಾಟವಾದಾಗ ಬೆಲೆಯಲ್ಲಿ ಪಾಲು ಪಡೆಯುವ ಸಂಸ್ಥೆ ಇನ್ನೊಂದು ಬಗೆ. ಪುಣೆಯಲ್ಲಿ ಮೊದಲನೆಯದಕ್ಕೆ ಬರವಿರಲಿಲ್ಲ, ಎರಡನೆಯದು ಬೇರೂರಲು ಬಹಳ ತಡವಾಯಿತು.

ಹಾಗೆಂದು ಹೊರದೇಶದ ಕಲಾವಿದರ ಸಂಪರ್ಕ ಈ ಊರಿಗೆ ಹೊಸದಲ್ಲ. ಪೇಶ್ವೆಯರ ದರ್ಬಾರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ, ಎಂದರೆ ಈಸ್ಟ್ ಇಂಡಿಯಾ ಕಂಪನಿಯ ರಾಯಭಾರಿಯಾಗಿದ್ದ, ಚಾರ್ಲ್ಸ್ ವಾರ್ ಮ್ಯಾಲೆಟ್‌ನ ಒತ್ತಾಸೆಯಿಂದ 1790ರ ದಶಕದಲ್ಲಿ ಪೇಶ್ವೆಯರ ಅರಮನೆಯಾದ ಶನಿವಾರವಾಡೆಯಲ್ಲಿ ಚಿತ್ರಶಾಲೆಯೊಂದು ಆರಂಭವಾಯಿತು. 1791ರಲ್ಲಿ ಮುಂಬಯಿಗೆ ಬಂದಿಳಿದ ಸ್ಕಾಟ್‌ಲೆಂಡಿನ ಚಿತ್ರಕಾರ ಜೇಮ್ಸ್ ವೇಲ್ಸ್ ಅದರೊಂದಿಗೆ ಸಂಬಂಧ ಹೊಂದಿದ್ದನು. ಅಲ್ಲಿ ಹೆಸರು ಗಳಿಸಿದ ಗಂಗಾರಾಮ ತಾಂಬಟನನ್ನು ವೇಲ್ಸ್‌ನ ಶಿಷ್ಯನೆಂದಷ್ಟೇ ಕರೆಯುವುದು ರೂಢಿಯಾದರೂ ಆ ಮಾತು ಪೂರ್ತಿ ಸರಿಯಲ್ಲ. ಪೇಶ್ವೆಯ ಪ್ರಾಣಿಸಂಗ್ರಹದಲ್ಲಿದ್ದ ಖಡ್ಗಮೃಗವನ್ನು ಅವನು ಬರೆದದ್ದು 1790ರ ನವೆಂಬರಿನಲ್ಲಿ, ವೇಲ್ಸ್ ಬರುವುದಕ್ಕೂ ಮುಂಚೆ. ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬ್ರಿಟಿಷ್ ಕಲಾಕೇಂದ್ರದಲ್ಲಿರುವ ಆ ಚಿತ್ರ, ತಾಂಬಟನ ಕಣ್ಣು ಪಳಗಿದ್ದು ಪಾಶ್ಚಾತ್ಯ ಗುರುವಿನ ಕೈಯಲ್ಲಿ ಮಾತ್ರವಲ್ಲ ಎಂಬುದಕ್ಕೆ ಸಾಕ್ಷಿಯಾಗಿದೆ. ವೇಲ್ಸ್ 1795ರಲ್ಲಿ ತೀರಿಕೊಂಡನು. ಅವನು ಮಾಡಿಟ್ಟಿದ್ದ ರೇಖಾಚಿತ್ರಗಳನ್ನು ಆಧರಿಸಿ ಥಾಮಸ್ ಡೇನಿಯಲ್ ರಚಿಸಿದ ಪೇಶ್ವೆ ದರ್ಬಾರಿನ ದೊಡ್ಡ ತೈಲಚಿತ್ರ 1805ರಲ್ಲಿ ಸಿದ್ಧವಾಯಿತು; ಅದು ಇಂದು ಇರುವುದು ಲಂಡನ್ನಿನ ಟೇಟ್ ಸಂಗ್ರಹದಲ್ಲಿ. ಪುಣೆಯಲ್ಲಿ ಕಂಡದ್ದನ್ನು ಹೊರಗೆ ಒಯ್ದು ತೋರಿಸುವ ಕ್ರಮ ಅಷ್ಟು ಹಳೆಯದು.

ಮುಂದಿನ ಶತಮಾನದಲ್ಲಿ ಚಿತ್ರವು ಊರಿನ ಜನರನ್ನು ತಲುಪಿದ್ದು ಪ್ರದರ್ಶನದ ಮೂಲಕವಲ್ಲ, ಅಚ್ಚಿನ ಮೂಲಕ. ಮರಾಠಿ ಲೇಖಕ ವಿಷ್ಣುಶಾಸ್ತ್ರಿ ಚಿಪಳೂಣಕರರು 1878ರಲ್ಲಿ ಸಂಗಡಿಗರೊಡನೆ ಸ್ಥಾಪಿಸಿದ ಚಿತ್ರಶಾಳಾ ಮುದ್ರಣಾಲಯವು ಕಲ್ಲಚ್ಚಿನಲ್ಲಿ, ಎಂದರೆ ನುಣುಪಾದ ಕಲ್ಲಿನ ಮೇಲೆ ಬರೆದು ಒಂದೊಂದು ಬಣ್ಣವನ್ನೂ ಬೇರೆಬೇರೆಯಾಗಿ ಒತ್ತುವ ವಿಧಾನದಲ್ಲಿ, ದೇವತೆಗಳ ಹಾಗೂ ಮರಾಠಾ ಪುರುಷರ ಚಿತ್ರಗಳನ್ನು ಮುದ್ರಿಸಿತು. ರಾಜಾ ರವಿವರ್ಮನ ಮುದ್ರಣಾಲಯ ಮುಂಬಯಿಯಲ್ಲಿ ಆರಂಭವಾದದ್ದು 1894ರಲ್ಲಿ. ಮುಂದೆ ಅದು ಪುಣೆಯ ದಾರಿಯಲ್ಲಿರುವ ಲೋಣಾವಳೆಯ ಸಮೀಪದ ಮಳವಲಿಗೆ ಬಂದು, ಜರ್ಮನಿಯ ಮುದ್ರಣ ತಜ್ಞ ಫ್ರಿಟ್ಜ್ ಶ್ಲೈಶರನ ಒಡೆತನಕ್ಕೆ ಸೇರಿತು. ಹೀಗೆ ಮನೆಯ ಗೋಡೆಯೇ ಗ್ಯಾಲರಿಯಾಯಿತು. ದೇವರ ಪಟಕ್ಕೆ ಕಟ್ಟು ಹಾಕಿಸಲು ಹಣ ಕೊಡುವ, ಆದರೆ ಬದುಕಿರುವ ಚಿತ್ರಕಾರನ ಕ್ಯಾನ್ವಾಸಿಗೆ ಕೊಡದ ಅಭ್ಯಾಸದ ಬೇರು ಬಹುಶಃ ಇಲ್ಲಿಯೇ ಇದೆ.

ಸ್ವಾತಂತ್ರ್ಯಾನಂತರ ಬಂದ ಪ್ರಮುಖ ಸಾರ್ವಜನಿಕ ಗೋಡೆಗಳು ನಾಟಕದ ಜೊತೆಗೇ ಬಂದವು. 1968ರ ಜೂನ್ 26ರಂದು ಉದ್ಘಾಟನೆಯಾದ ಮಹಾನಗರಪಾಲಿಕೆಯ ಬಾಲಗಂಧರ್ವ ರಂಗಮಂದಿರದಲ್ಲಿ ಚಿತ್ರಪ್ರದರ್ಶನಕ್ಕೆ ಕಲಾದಾಲನವನ್ನೂ ಸೇರಿಸಲಾಯಿತು. ಆದರೆ ಆ ಕಟ್ಟಡದಲ್ಲಿ ಹೆಚ್ಚು ಜನ ನೋಡಿರುವ ಚಿತ್ರಗಳೆಂದರೆ ಗೋಪಾಲ ದೇವೂಸ್ಕರರು ಬರೆದ ಬಾಲಗಂಧರ್ವರ ಎರಡು ಆಳೆತ್ತರದ ತೈಲಚಿತ್ರಗಳು. ಒಂದರಲ್ಲಿ ನಟನ ಪುರುಷರೂಪ, ಇನ್ನೊಂದರಲ್ಲಿ ಸ್ತ್ರೀಪಾತ್ರದ ರೂಪ. ಶನಿವಾರಪೇಟೆಯಲ್ಲಿ ಸುದರ್ಶನ ರಂಗಮಂಚದ ಜೊತೆಗೆ ಸುದರ್ಶನ ಕಲಾದಾಲನ, ಕಥಕ್ ಕಲಾವಿದೆ ಪ್ರಭಾ ಮರಾಠೆಯವರ ಕಲಾಛಾಯಾ ಆವರಣದಲ್ಲಿ ದರ್ಪಣ ಗ್ಯಾಲರಿ: ಎಲ್ಲೆಡೆಯೂ ಚಿತ್ರಕಲೆ ಆಶ್ರಯ ಪಡೆದದ್ದು ಪ್ರದರ್ಶನ ಕಲೆಗಳ ಮಗ್ಗುಲಲ್ಲಿ. ಘೋಲೆ ರಸ್ತೆಯಲ್ಲಿರುವ ಪಾಲಿಕೆಯ ರಾಜಾ ರವಿವರ್ಮಾ ಕಲಾದಾಲನದ ಹೆಸರಾದರೂ ಚಿತ್ರಕಾರನದು ಎಂಬುದು ಸಮಾಧಾನದ ಸಂಗತಿ.

ಬಾಡಿಗೆಯ ಕಲಾದಾಲನದ ಪ್ರದರ್ಶನಕ್ಕೆ ತನ್ನದೇ ಆದ ಕ್ರಮವಿದೆ. ಕಲಾವಿದನೇ ಟೆಂಪೋದಲ್ಲಿ ಚೌಕಟ್ಟುಗಳನ್ನು ತಂದು, ಗೆಳೆಯರ ನೆರವಿನಿಂದ ತಂತಿ ಬಿಗಿದು ತೂಗುಹಾಕಿ, ಸಂಜೆ ಅತಿಥಿಯೊಬ್ಬರಿಂದ ದೀಪ ಬೆಳಗಿಸಿ, ಉಳಿದ ಎರಡು ಮೂರು ದಿನ ಬಾಗಿಲ ಬಳಿಯ ಮೇಜಿನ ಮುಂದೆ ಅಭಿಪ್ರಾಯದ ವಹಿಯನ್ನು ತೆರೆದಿಟ್ಟುಕೊಂಡು ಕೂರುತ್ತಾನೆ. ನಾಟಕದ ಮಧ್ಯಂತರದಲ್ಲಿ ಚಹಾಕ್ಕೆ ಹೊರಟವರು ಒಳಗೆ ಇಣುಕಿ ‘ಛಾನ್’, ಅಂದರೆ ಚೆನ್ನಾಗಿದೆ, ಎಂದು ಬರೆದು ಹೋಗುತ್ತಾರೆ. ಬೆಲೆ ಕೇಳುವವರು ವಿರಳ. ಇದನ್ನು ತಾತ್ಸಾರದಿಂದ ನೋಡಬೇಕಿಲ್ಲ. ಯಾರ ಶಿಫಾರಸೂ ಬೇಡದ ಈ ವ್ಯವಸ್ಥೆಯಿಂದ ಶಾಲಾ ಚಿತ್ರಕಲಾ ಶಿಕ್ಷಕರೂ ನಿವೃತ್ತರೂ ಆಗತಾನೆ ಕಾಲೇಜು ಮುಗಿಸಿದವರೂ ಒಂದೇ ಗೋಡೆಗೆ ಬರಲು ಸಾಧ್ಯವಾಯಿತು. ಆದರೆ ಯಾವುದನ್ನೂ ಆಯ್ಕೆ ಮಾಡದ ಗೋಡೆಯಿಂದ ಯಾವ ಅಭಿರುಚಿಯೂ ರೂಪುಗೊಳ್ಳುವುದಿಲ್ಲ, ಬೆಲೆಯೂ ನಿಲ್ಲುವುದಿಲ್ಲ.

ಆಯ್ಕೆಯ ಕೆಲಸ ಮುಂಬಯಿಯ ಪಾಲಾಗಿತ್ತು. ಅಲ್ಲಿ 1952ರಲ್ಲಿ ತೆರೆದ ಜಹಾಂಗೀರ್ ಆರ್ಟ್ ಗ್ಯಾಲರಿ ಮುಖ್ಯವಾಗಿ ಬಾಡಿಗೆಯ ಪದ್ಧತಿಯದು; ಆದರೆ ಅದೇ ಕಟ್ಟಡದ ಮೊದಲ ಮಹಡಿಯಲ್ಲಿ, ಚಿತ್ರಗಳಿಗೆ ಕಟ್ಟು ಹಾಕುವ ವ್ಯಾಪಾರದಿಂದ ಬಂದ ಕೇಕೂ ಮತ್ತು ಖೋರ್ಶೆದ್ ಗಾಂಧಿ ದಂಪತಿ 1963ರಲ್ಲಿ ಗ್ಯಾಲರಿ ಕೆಮೋಲ್ಡ್ ತೆರೆದು ಎರಡನೆಯ ಬಗೆಗೆ ಮಾದರಿ ಹಾಕಿಕೊಟ್ಟರು. ಬೆಳಗಿನ ಡೆಕ್ಕನ್ ಕ್ವೀನ್ ರೈಲು ಹತ್ತಿ ಮುಂಬಯಿಗೆ ಹೋದರೆ ಮಾರುಕಟ್ಟೆ ಸಿಗುವಾಗ ಪುಣೆಯಲ್ಲಿ ಅದನ್ನು ಕಟ್ಟುವ ಅವಸರ ಯಾರಿಗೂ ಇರಲಿಲ್ಲ. ಬೆಂಗಳೂರಿಗೆ ಇಂಥ ನೆರೆಯೂರು ಇರಲಿಲ್ಲ. ಅಲ್ಲಿ 1996ರಲ್ಲಿ ಸುಮುಖ, 2003ರಲ್ಲಿ ಎಸ್‌ಕೆಇ ಗ್ಯಾಲರಿಗಳು ಹುಟ್ಟಿಕೊಂಡವು. ಬೆಳಗಾವಿಯಲ್ಲಿ 1935ರಲ್ಲಿ ಹುಟ್ಟಿ, ಕೆ.ಬಿ. ಕುಲಕರ್ಣಿಯವರ ಚಿತ್ರಮಂದಿರದಲ್ಲಿ ಕಲಿತು, ಕೊನೆಗೆ ಪುಣೆಯಲ್ಲಿ ನೆಲೆನಿಂತು 2022ರಲ್ಲಿ ತೀರಿಕೊಂಡ ಚಿತ್ರಕಾರ ರವಿ ಪರಾಂಜಪೆಯವರ ಬದುಕಿನಲ್ಲೂ ಮಾರುಕಟ್ಟೆಯನ್ನು ಪುಣೆಯ ಹೊರಗೆ ಹುಡುಕುವ ಇದೇ ನಕ್ಷೆ ಕಾಣುತ್ತದೆ. ಅವರ ವೃತ್ತಿಗೆ ಆಧಾರವಾದದ್ದು ಮುಂಬಯಿಯ ಜಾಹೀರಾತು ಲೋಕ ಮತ್ತು ನೈರೋಬಿಯಲ್ಲಿ ಮಾಡಿದ ವಾಸ್ತುಚಿತ್ರಗಳ ಕೆಲಸವೇ ಹೊರತು ಪುಣೆಯ ಗೋಡೆಯಲ್ಲ.

ಬಾಡಿಗೆಯ ಗೋಡೆಯೂ ಸಿಗದ ಕಡೆ ಏನಾಯಿತೆಂದು ತಿಳಿಯಲು ಚೀನಾದ ಉದಾಹರಣೆ ಇಲ್ಲಿ ಉಪಯುಕ್ತವಾಗಿದೆ. ಅಲ್ಲಿ 1979ರಲ್ಲಿ ‘ನಕ್ಷತ್ರಗಳು’ ಎಂಬ ಗುಂಪಿನ ಯುವ ಕಲಾವಿದರು ಗೋಡೆ ಸಿಗದೆ ಬೀಜಿಂಗಿನ ರಾಷ್ಟ್ರೀಯ ಕಲಾ ಸಂಗ್ರಹಾಲಯದ ಹೊರಗಿನ ಕಂಬಿಗಳಿಗೇ ಚಿತ್ರಗಳನ್ನು ತೂಗುಹಾಕಿದ್ದರು. ಹೊಸ ಕಲೆಗೆ ಮೀಸಲಾದ ಮೊದಮೊದಲ ಖಾಸಗಿ ಗ್ಯಾಲರಿಗಳನ್ನು ತೆರೆದವರು ವಿದೇಶಿಯರು. ಬೀಜಿಂಗಿನ ಹಳೆಯ ಕಾವಲು ಗೋಪುರದಲ್ಲಿ ಆಸ್ಟ್ರೇಲಿಯದ ಬ್ರಯನ್ ವಾಲೇಸ್ 1991ರಲ್ಲಿ ರೆಡ್ ಗೇಟ್ ಗ್ಯಾಲರಿಯನ್ನೂ, ಶಾಂಘೈಯಲ್ಲಿ ಸ್ವಿಟ್ಜರ್‌ಲೆಂಡಿನ ಲೊರೆನ್ಜ್ ಹೆಲ್ಬ್ಲಿಂಗ್ 1996ರಲ್ಲಿ ಶಾಂಗ್‌ಆರ್ಟ್ ಗ್ಯಾಲರಿಯನ್ನೂ ಆರಂಭಿಸಿದರು. ಅಲ್ಲಿ ಪಡಸಾಲೆಯೂ ಇರಲಿಲ್ಲವಾದ್ದರಿಂದ ನೇರವಾಗಿ ಮನೆಯನ್ನೇ ಕಟ್ಟಬೇಕಾಯಿತು.

ಪುಣೆಯ ಚಲನೆ ಕೋರೆಗಾಂವ್ ಪಾರ್ಕ್ ಬಡಾವಣೆಯ ಕಡೆಗೆ ಹೊರಳಿದ್ದು ಹಳೆಯ ಪೇಟೆಗಳಿಂದಾಚೆ ಹೊಸ ಹಣ ಬಂದ ಮೇಲೆ. ಆಗ್ನೇಯ ಏಷ್ಯದ ಅಡುಗೆಯ ಮಲಾಕಾ ಸ್ಪೈಸ್ ಹೋಟೆಲು ಗೋಡೆಗಳನ್ನು ಕಲಾವಿದರಿಗೆ ಬಿಟ್ಟುಕೊಟ್ಟು, ಊಟಕ್ಕೆ ಬಂದವರನ್ನು ನೋಡುಗರನ್ನಾಗಿ ಮಾಡಿತು. ಎರಡು ವರ್ಷಕ್ಕೊಮ್ಮೆ ನಡೆಯುವ ಬೃಹತ್ ಪ್ರದರ್ಶನಕ್ಕೆ ಇಟಾಲಿಯನ್ ಭಾಷೆಯಿಂದ ಬಂದ ‘ಬಿಯೆನಾಲೆ’ ಎಂಬ ಹೆಸರನ್ನು ಕೊಚ್ಚಿ 2012ರಲ್ಲಿ ಭಾರತಕ್ಕೆ ಪರಿಚಿತಗೊಳಿಸಿದ ಮರುವರ್ಷವೇ, ಭಾರತಿ ವಿದ್ಯಾಪೀಠದ ಕಲಾ ಕಾಲೇಜಿನ ಮುಂದಾಳುತನದಲ್ಲಿ ಪುಣೆಯೂ ಬಿಯೆನಾಲೆ ನಡೆಸಿತು. 2017ರ ಆವೃತ್ತಿಗೆ ಜಾಶಾ ಕೋಲಾ ಮತ್ತು ಇಟಲಿಯ ಲುಕಾ ಚೆರಿಜ್ಜಾ ಕ್ಯುರೇಟರುಗಳಾಗಿದ್ದರು. ಕ್ಯುರೇಟರ್ ಎಂದರೆ ಕೃತಿಗಳನ್ನು ಒಂದು ಆಲೋಚನೆಯ ಸುತ್ತ ಆಯ್ದು ಜೋಡಿಸುವವರು. ದೇಶ ವಿದೇಶಗಳ ಕಲಾವಿದರ ಪ್ರತಿಷ್ಠಾಪನೆಗಳು, ಅಂದರೆ ಜಾಗವನ್ನೇ ಕೃತಿಯಾಗಿ ಮಾರ್ಪಡಿಸುವ ರಚನೆಗಳು, ದಿನನಿತ್ಯದ ವಾಸಸ್ಥಳದ ವಿಷಯವನ್ನು ಎತ್ತಿಕೊಂಡವು. ಆಯ್ಕೆ ಎಂಬ ಕ್ರಿಯೆಗೆ ಪುಣೆಯಲ್ಲಿ ಹೊಸ ಮಾನ್ಯತೆ ಸಿಕ್ಕಿದ್ದು ಹೀಗೆ. ಅದೇ ಜಾಡಿನಲ್ಲಿ ಕೋರೆಗಾಂವ್ ಪಾರ್ಕಿನ ವಿದಾ ಹೈದರಿ ಕಂಟೆಂಪರರಿ ಗ್ಯಾಲರಿಯು ಭಾರತೀಯರ ಜೊತೆಗೆ ಹೊರದೇಶದ ಕಲಾವಿದರನ್ನೂ ಆಯ್ದು ತೋರಿಸುತ್ತಿದೆ.

ಇತ್ತ ಬಾಲಗಂಧರ್ವ ರಂಗಮಂದಿರವನ್ನು ಕೆಡವಿ ಹೊಸದಾಗಿ ಕಟ್ಟುವ ಪ್ರಸ್ತಾಪ ಕೆಲವು ವರ್ಷಗಳಿಂದ ವಿವಾದಕ್ಕೆ ಗುರಿಯಾಗಿದ್ದು, ವಾದವೆಲ್ಲ ರಂಗಸ್ಥಳ ಮತ್ತು ಸಭಾಂಗಣದ ಸುತ್ತಲೇ ಬೆಳೆದಿದೆ. ಕಲಾದಾಲನದ ಮೇಜಿನ ಮೇಲೆ ವಹಿ ಎಂದಿನಂತೆ ತೆರೆದೇ ಇರುತ್ತದೆ.