ಹಗ್ಗ ಇತ್ತೋ, ಇಲ್ಲೋ

ನಮ್ಮ ಕಡೆ ದೆವ್ವ ಇಲ್ಲದ ಸಾಲಿ ಇಲ್ಲ. ಬೇವೂರು, ಕುಕನೂರು, ಯಲಬುರ್ಗಾ, ಕುಷ್ಟಗಿ, ಯಾವ ಊರಿನವರನ್ನು ಬೇಕಾದರೂ ಕೇಳಿ. ಕೀಲಿ ಹಾಕಿದ ಒಂದು ಕೋಣೆ, ಮೈದಾನದ ಮೂಲೆಗೊಂದು ಹುಣಸಿ ಗಿಡ, ಮಟಮಟ ಮಧ್ಯಾಹ್ನ ತಾನೇ ಬಡಕೊಳ್ಳುವ ಗಂಟೆ, ಇವುಗಳಲ್ಲಿ ಒಂದಾದರೂ ಇದ್ದೇ ಇರುತ್ತದೆ. ಇದಕ್ಕೆ ದೊಡ್ಡ ರಹಸ್ಯವೇನೂ ಬೇಕಿಲ್ಲ. ಊರೊಳಗೆ ಸಾಲಿಗೆ ಜಾಗ ಕೊಡುವವರು ಯಾರು? ಊರ ಹೊರಗೆ, ಹಳ್ಳದ ದಂಡಿಗೆ, ಯಾರೂ ಉಳದ ಜಾಗ ಸಿಕ್ಕರೆ ಅಲ್ಲಿ ಕಟ್ಟುತ್ತಾರೆ. ಅದರ ಪಕ್ಕದಲ್ಲೇ ಸುಡುಗಾಡೂ ಇರುತ್ತದೆ. ಸಂಜೆ ಐದಕ್ಕೆ ಮಾಸ್ತರು ಬಸ್ ಹಿಡಿದು ಹೋದಮೇಲೆ ಆ ಕಟ್ಟಡ ಖಾಲಿ. ಕತೆ ಹುಟ್ಟೋಕೆ ಇಷ್ಟು ಸಾಕು.

ನಾವು ಸಣ್ಣವರಿದ್ದಾಗ ಕೇಳಿದ ಕತೆಯಲ್ಲಿ ದೆವ್ವ ಆದವನು ಒಬ್ಬ ಹುಡುಗ. ಮುಲ್ಕಿ ಪರೀಕ್ಷೆಯಲ್ಲಿ ನಪಾಸಾದವನು ಅಂತ ಒಬ್ಬರು, ಮಾಸ್ತರು ಹೊಡೆದದ್ದಕ್ಕೆ ಬಾವಿಗೆ ಹಾರಿದವನು ಅಂತ ಇನ್ನೊಬ್ಬರು. "ಯಾರ ಪೈಕಿ ಅವಾ? ಹೆಸರೇನಲೇ?" ಅಂತ ಕೇಳಿದರೆ ಹೇಳುವವನು ಸಿಟ್ಟಾಗುತ್ತಿದ್ದ. "ದೆವ್ವದ ಹೆಸರು ತಗೀಬಾರ್ದಲೇ, ಬರ್ತೈತಿ." ಆಮೇಲೆ ನಾಳೆ ಬಾ ಕಾಲ ಬಂತು. ತೊಂಬತ್ತರ ದಶಕದಲ್ಲಿ ಬೆಂಗಳೂರಿನಿಂದ ಹಿಡಿದು ಹಳ್ಳಿಗಳ ತನಕ ಬಾಗಿಲ ಮೇಲೆ ಸುಣ್ಣದಲ್ಲೋ ಇದ್ದಿಲಲ್ಲೋ "ನಾಳೆ ಬಾ" ಬರೆದದ್ದು ನಿಮಗೂ ನೆನಪಿರಬಹುದು. ಆ ಹೆಂಗಸಿಗೂ ಹೆಸರಿರಲಿಲ್ಲ. ನಮ್ಮ ದೆವ್ವಗಳ ದೊಡ್ಡ ಕೊರತೆಯೇ ಇದು: ದಾಖಲೆ ಇಲ್ಲ, ತಾರೀಖು ಇಲ್ಲ, ಸತ್ತವರು ಯಾರು ಅನ್ನುವ ಪತ್ತೆ ಇಲ್ಲ.

ಅದಕ್ಕೇ ಹೆಸರು, ತಾರೀಖು, ಪಂಚನಾಮೆ ಎಲ್ಲ ಇರುವ ಒಂದು ದೆವ್ವದ ಕತೆ ಸಿಕ್ಕಾಗ ಬಿಡಲಾಗಲಿಲ್ಲ. ಅದು ನಮ್ಮ ಕಡೆಯದಲ್ಲ, ಅಮೆರಿಕದ ಒಹಾಯೋ ರಾಜ್ಯದ ಗ್ಯಾಂಬಿಯರ್ ಅನ್ನುವ ಸಣ್ಣ ಊರಿನದು. ಅಲ್ಲಿ 1824ರಲ್ಲಿ ಶುರುವಾದ ಕೆನ್ಯನ್ ಕಾಲೇಜು ಇದೆ. ದೆವ್ವದ ಹೆಸರು ಸ್ಟುವರ್ಟ್ ಪಿಯರ್ಸನ್. ಸತ್ತದ್ದು 1905ರ ಅಕ್ಟೋಬರ್ 28ರ ಶನಿವಾರ ರಾತ್ರಿ.

ಸ್ಟುವರ್ಟ್ ಸಿನ್ಸಿನಾಟಿ ಪಟ್ಟಣದ ಹುಡುಗ, ಮೊದಲ ವರ್ಷದವನು. ಕಾಲೇಜು ಸೇರಿ ಕೆಲವೇ ವಾರ ಆಗಿದ್ದವು. ಅಲ್ಲಿನ ಕಾಲೇಜುಗಳಲ್ಲಿ ಗ್ರೀಕ್ ಅಕ್ಷರಗಳ ಹೆಸರಿನ ಹುಡುಗರ ಕೂಟಗಳಿರುತ್ತವೆ. ಸೇರಬೇಕಾದರೆ ಹಳಬರು ಇಡುವ ಪರೀಕ್ಷೆ ದಾಟಬೇಕು. ಒಮ್ಮೆ ಒಳಗೆ ಬಂದರೆ ಸಾಯುವ ತನಕ ಆ ಕೂಟದವನೇ. ಕೆಲಸ, ಸಂಬಂಧ, ವ್ಯಾಪಾರ ಎಲ್ಲದಕ್ಕೂ ಆ ಸಲಿಗೆ ಒದಗುತ್ತದೆ. ಸ್ಟುವರ್ಟ್ ಸೇರಬೇಕಿದ್ದದ್ದು ಡೆಲ್ಟಾ ಕಪ್ಪಾ ಎಪ್ಸಿಲಾನ್ ಕೂಟಕ್ಕೆ. ಅವನ ಅಪ್ಪ ನ್ಯೂಬೋಲ್ಡ್ ಪಿಯರ್ಸನ್ ಅದೇ ಕಾಲೇಜಿನ, ಅದೇ ಕೂಟದ ಹಳೇ ಹುಡುಗ. ಮಗನ ದೀಕ್ಷೆ ನೋಡಬೇಕಂತ ಅವತ್ತು ಅಪ್ಪನೂ ಗ್ಯಾಂಬಿಯರ್‌ಗೆ ಬಂದಿದ್ದರು.

ಕೂಟದವರು ಹುಡುಗನಿಗೆ ಒಪ್ಪಿಸಿದ ಕೆಲಸ ಇಷ್ಟೇ: ರಾತ್ರಿ ಕತ್ತಲೆಯಲ್ಲಿ ಕೊಕೋಸಿಂಗ್ ನದಿಯ ರೈಲು ಸೇತುವೆ ಹತ್ತಿರ ಹೋಗಿ ಕೂಡಬೇಕು, ಹಳಬರು ಬಂದು ಕರೆದುಕೊಂಡು ಹೋಗುವ ತನಕ ಕಾಯಬೇಕು. ಆ ಹೊತ್ತಿಗೆ ವೇಳಾಪಟ್ಟಿಯಲ್ಲಿ ಯಾವ ಗಾಡಿಯೂ ಇರಲಿಲ್ಲ. ಆದರೆ ಪಟ್ಟಿಯಲ್ಲಿಲ್ಲದ ಒಂದು ಎಂಜಿನ್ ಬಂತು. ಕರೆದುಕೊಂಡು ಹೋಗಲು ಬಂದವರಿಗೆ ಸಿಕ್ಕದ್ದು ಹೆಣ.

ಇಲ್ಲಿಂದ ಮುಂದೆ ನಡೆದದ್ದನ್ನು ಓದುವಾಗ ಇದು ಅಮೆರಿಕವೋ ನಮ್ಮ ಯಾವುದೋ ಕಾಲೇಜೋ ಅನ್ನೋದು ಮರೆತೇಹೋಗುತ್ತದೆ. ಪಂಚನಾಮೆ ಮಾಡುವ ಅಧಿಕಾರಿ ಸರಿಯಾಗಿ ನೋಡುವುದಕ್ಕೆ ಮೊದಲೇ ಹೆಣವನ್ನು ಸಿನ್ಸಿನಾಟಿಗೆ ಸಾಗಿಸಿಯಾಗಿತ್ತು. ತನಿಖೆ ನಡೆಸಿದ ಆ ಅಧಿಕಾರಿ, ಹುಡುಗನನ್ನು ಹಳಿಗೆ ಕಟ್ಟಿಹಾಕಿದ್ದರು ಅನ್ನುವ ತೀರ್ಮಾನಕ್ಕೆ ಬಂದ. ಕಾಲೇಜಿನ ಅಧ್ಯಕ್ಷ ವಿಲಿಯಂ ಪೀರ್ಸ್ ಇದನ್ನು ಖಂಡಿತವಾಗಿ ಅಲ್ಲಗಳೆದರು. ಹಿಂದಿನ ದಿನಗಳ ದಣಿವಿಗೆ ಹುಡುಗ ಅಲ್ಲೇ ನಿದ್ದೆಹೋಗಿದ್ದಾನೆ, ಕಟ್ಟಿದ್ದು ಗಿಟ್ಟಿದ್ದು ಸುಳ್ಳು ಅಂದರು. ಕೂಟದ ಹುಡುಗರೂ ಅದನ್ನೇ ಹೇಳಿದರು. ಎಲ್ಲಕ್ಕಿಂತ ವಿಚಿತ್ರ ಅಂದರೆ ಅಪ್ಪನೂ ಅವರ ಕಡೆಗೇ ನಿಂತರು. ನನ್ನ ಮಗನನ್ನು ಯಾರೂ ಕಟ್ಟಿರಲಿಲ್ಲ, ಅವನು ನಿದ್ದೆಹೋಗಿದ್ದ ಅಂದರು. ದೇಶದ ಪತ್ರಿಕೆಗಳೆಲ್ಲ ವಾರಗಟ್ಟಲೆ ಬರೆದವು. ಕೊನೆಗೆ ಯಾರಿಗೂ ಶಿಕ್ಷೆಯಾಗಲಿಲ್ಲ.

ಆ ಅಪ್ಪನ ಬಗ್ಗೆ ನನಗೆ ಮೊದಲು ಸಿಟ್ಟೇ ಬಂತು. ಆಮೇಲೆ ಸ್ವಲ್ಪ ತಾಳಿ ಯೋಚಿಸಿದೆ. ಆ ಕೂಟ ಅವರ ಯೌವನ, ಅವರ ಗೆಳೆತನ, ಮಗನಿಗೆ ಕೊಡಬೇಕಂತ ಅವರು ಇಟ್ಟುಕೊಂಡಿದ್ದ ಆಸ್ತಿ. ನನ್ನ ಆಸ್ತಿಯೇ ನನ್ನ ಮಗನನ್ನು ತಿಂತು ಅಂತ ಒಪ್ಪಿಕೊಂಡರೆ ಆ ಮನುಷ್ಯ ಉಳಿಯುವುದು ಹೇಗೆ? ನಿದ್ದೆ ಅನ್ನುವ ಮಾತು ಅವರಿಗೆ ಬೇಕಿತ್ತು. ಸುಳ್ಳು ಹೇಳಿದರು ಅಂತ ನಾನು ಅನ್ನುತ್ತಿಲ್ಲ, ನಿಜವಾಗಿಯೂ ನಂಬಿದ್ದಿರಬಹುದು.

ನನ್ನ ತಕರಾರು ಬೇರೆ. ಇಡೀ ಊರು, ಪತ್ರಿಕೆ, ಕಾಲೇಜು ಎಲ್ಲರೂ ಜಗಳ ಆಡಿದ್ದು ಒಂದೇ ಪ್ರಶ್ನೆಗೆ: ಹಗ್ಗ ಇತ್ತೋ, ಇಲ್ಲೋ? ಹಗ್ಗ ಇದ್ದರೆ ಕೊಲೆ, ಇಲ್ಲದಿದ್ದರೆ ದುರದೃಷ್ಟ. ಆದರೆ ಹಗ್ಗ ಇರಲಿಲ್ಲ ಅಂತಲೇ ಇಟ್ಟುಕೊಳ್ಳಿ. ದಣಿದು ಬಿದ್ದ ಹುಡುಗನನ್ನು ಕತ್ತಲೆಯಲ್ಲಿ ರೈಲು ಸೇತುವೆಗೆ ಕಳಿಸಿದವರು ಯಾರು? ದಣಿಯುವ ಹಾಗೆ ಮಾಡಿದವರು ಯಾರು? ಎದ್ದು ವಾಪಸ್ ಬಂದರೆ ಹೇಡಿ ಅನ್ನಿಸಿಕೊಳ್ಳಬೇಕು ಅನ್ನುವ ಭಯ ಹಾಕಿದವರು ಯಾರು? ಆ ಭಯ ಹಗ್ಗಕ್ಕಿಂತ ಗಟ್ಟಿ. ಅದು ಪಂಚನಾಮೆಯಲ್ಲಿ ಸಿಗುವಂಥದ್ದಲ್ಲ, ಅಷ್ಟೇ.

ನ್ಯಾಯಾಲಯ ತೀರ್ಮಾನ ಮಾಡದೇ ಬಿಟ್ಟದ್ದನ್ನು ದೆವ್ವದ ಕತೆ ತೀರ್ಮಾನ ಮಾಡಿತು. ಕೆನ್ಯನ್ನಿನ ಹುಡುಗರು ಹೇಳುವ ಕತೆಯಲ್ಲಿ ಸ್ಟುವರ್ಟ್‌ನನ್ನು ಹಳಿಗೆ ಕಟ್ಟಿದ್ದು ಖರೆ, ಅನುಮಾನವೇ ಇಲ್ಲ. ಪ್ರತಿ ವರ್ಷ ಅಕ್ಟೋಬರ್ 28ರ ರಾತ್ರಿ ಅವನು ಓಲ್ಡ್ ಕೆನ್ಯನ್ ಅನ್ನುವ ಹಾಸ್ಟೆಲ್ ಕಟ್ಟಡದ ನಾಲ್ಕನೇ ಮಹಡಿಯ ದುಂಡನೆಯ ಕಿಟಕಿಯಿಂದ ಹೊರಗೆ ನೋಡುತ್ತಾನಂತೆ. ಅಲ್ಲಿ ಹೆಜ್ಜೆ ಸಪ್ಪಳ ಕೇಳುತ್ತದಂತೆ, ಮುಚ್ಚಿದ ಕಿಟಕಿ ತಾನೇ ತೆರೆಯುತ್ತದಂತೆ. ಆ ಕೂಟದ ಹುಡುಗರು ಅವನ ನೆನಪಿಗೆ ಶವಪೆಟ್ಟಿಗೆ ಹೊತ್ತು ಮೆರವಣಿಗೆ ಹೋಗುವ ರೂಢಿಯನ್ನೂ ಇಟ್ಟುಕೊಂಡರು. ಸಾಯಲು ಕಳಿಸಿದ ಕೂಟವೇ ಹೆಗಲು ಕೊಡುವುದು! ನಮ್ಮಲ್ಲಾದರೆ ಹಿರಿಯರು ಬೈದು ನಿಲ್ಲಿಸುತ್ತಿದ್ದರು.

ಈ ಕಿಟಕಿಯ ಕತೆಯಲ್ಲಿ ಒಂದು ತಮಾಷೆ ಇದೆ. 1949ರ ಫೆಬ್ರವರಿ 27ರ ಬೆಳಗಿನ ಜಾವ ಓಲ್ಡ್ ಕೆನ್ಯನ್ ಬೆಂಕಿಗೆ ಬಿದ್ದು ಒಳಗೆಲ್ಲ ಸುಟ್ಟುಹೋಯಿತು. ಒಂಬತ್ತು ಹುಡುಗರು ಸತ್ತರು. ಮರುವರ್ಷ ಹಳೇ ಕಲ್ಲುಗಳನ್ನೇ ಬಳಸಿ, ಹೊರಗಿನಿಂದ ಮೊದಲಿನಂತೆಯೇ ಕಾಣುವ ಹಾಗೆ ಮತ್ತೆ ಕಟ್ಟಿದರು. ಅಂದರೆ ದೆವ್ವ ನಿಂತು ನೋಡುವ ಆ ನಾಲ್ಕನೇ ಮಹಡಿಯ ನೆಲ ಸ್ಟುವರ್ಟ್ ಬದುಕಿದ್ದಾಗ ಇದ್ದದ್ದೇ ಅಲ್ಲ. ಕತೆಗೆ ಅದರಿಂದ ಏನೂ ತೊಂದರೆಯಾಗಲಿಲ್ಲ. ಬೆಂಕಿಯಲ್ಲಿ ಸತ್ತ ಒಂಬತ್ತು ಮಂದಿಯೂ ದೆವ್ವಗಳ ಪಟ್ಟಿಗೆ ಸೇರಿದರು. ಅವರು ನಡೆದಾಡುವಾಗ ಮೊಣಕಾಲಿನ ಕೆಳಗೆ ಕಾಣುವುದಿಲ್ಲವಂತೆ. ಹೊಸ ಕಟ್ಟಡದ ನೆಲ ಹಳೆಯದಕ್ಕಿಂತ ಸ್ವಲ್ಪ ಎತ್ತರಕ್ಕೆ ಬಂದಿದೆ, ಅವರು ಮಾತ್ರ ಹಳೇ ನೆಲದ ಮೇಲೇ ನಡೆಯುತ್ತಾರೆ ಅನ್ನೋದು ಹುಡುಗರ ವಿವರಣೆ. ಇಷ್ಟು ಲೆಕ್ಕಾಚಾರದ ದೆವ್ವವನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಕತೆ ಕಟ್ಟಿದವನು ಗಣಿತದ ಹುಡುಗನೇ ಇರಬೇಕು.

ಸತ್ತ ವಿದ್ಯಾರ್ಥಿಗಳೆಲ್ಲ ದೆವ್ವ ಆಗುವುದಿಲ್ಲ ಅನ್ನೋದೂ ಗಮನಿಸಬೇಕಾದ ಮಾತು. ನಮ್ಮ ಹತ್ತಿರದ ಹುಬ್ಬಳ್ಳಿಯನ್ನೇ ತಗೊಳ್ಳಿ. 1942ರ ಚಲೇಜಾವ್ ಚಳವಳಿಯಲ್ಲಿ ನಾರಾಯಣ ಡೋಣಿ ಅನ್ನುವ ಸಾಲಿ ಹುಡುಗ ಪೊಲೀಸರ ಗುಂಡಿಗೆ ಬಲಿಯಾದ. ಅವನು ರಾತ್ರಿ ಅಡ್ಡಾಡುತ್ತಾನೆ ಅಂತ ಒಬ್ಬರೂ ಹೇಳಿದ್ದನ್ನು ನಾನು ಕೇಳಿಲ್ಲ. ಅವನು ಹುತಾತ್ಮನಾದ, ಭಾಷಣಗಳಲ್ಲಿ ಅವನ ಹೆಸರು ಬಂತು. ಅವನನ್ನು ಕೊಂದವರು ಯಾರು, ಯಾಕೆ ಕೊಂದರು ಅನ್ನುವುದರಲ್ಲಿ ಊರಿಗೆ ಗೊಂದಲ ಇರಲಿಲ್ಲ. ಸ್ಟುವರ್ಟ್‌ನ ವಿಷಯದಲ್ಲಿ ಕೊಂದವರು ನಮ್ಮವರೇ, ಒಳ್ಳೇ ಮನೆತನದ ಹುಡುಗರೇ. ಅದನ್ನು ಹಗಲಿನಲ್ಲಿ ಹೇಳಲಿಕ್ಕಾಗದೆ ರಾತ್ರಿಯ ಕತೆ ಮಾಡಿದರು ಅಂತ ನನ್ನ ಅನಿಸಿಕೆ. ಅದಕ್ಕಿಂತ ಅನ್ಯಾಯ ಅಂದರೆ, ಅವತ್ತು ರಾತ್ರಿ ಸೇತುವೆ ಮೇಲೆ ಹೆದರಿ ಕೂತಿದ್ದ ಹುಡುಗನೇ ಕತೆಯಲ್ಲಿ ಹೆದರಿಸುವವನಾಗಿಬಿಟ್ಟ.

ನಾನು ಬಿಇ ಸೇರಿದಾಗ ಒಂದು ಛಾಪಾ ಕಾಗದದ ಮೇಲೆ ನಾನೂ ನಮ್ಮಪ್ಪನೂ ಸಹಿ ಹಾಕಿ ಕೊಡಬೇಕಾಯಿತು. ನಾನು ರ‍್ಯಾಗಿಂಗ್ ಮಾಡುವುದಿಲ್ಲ ಅಂತ ನನ್ನ ಸಹಿ, ನನ್ನ ಮಗ ಮಾಡುವುದಿಲ್ಲ ಅಂತ ಅಪ್ಪನ ಸಹಿ. "ಇದೇನ್ ಸಾಲದ ಕಾಗದ ಏನೋ?" ಅಂತ ಅಪ್ಪ ಎರಡು ಸಲ ಕೇಳಿದ್ದರು. ನಮಗಿಬ್ಬರಿಗೂ ಅದು ಎಲ್ಲಿಂದ ಬಂತು ಗೊತ್ತಿರಲಿಲ್ಲ. ಸಹಿ ಹಾಕಿದ ಮರುವಾರವೇ ಹಾಸ್ಟೆಲಿನಲ್ಲಿ ಸೀನಿಯರುಗಳು ತಲೆ ತಗ್ಗಿಸಿ ಅಂಗಿಯ ಮೂರನೇ ಗುಂಡಿ ನೋಡುತ್ತ ನಿಲ್ಲಿಸಿದರು, ಅದು ಬೇರೆ ಮಾತು.

ಆ ಕಾಗದದ ಹಿಂದೆಯೂ ಒಬ್ಬ ಹುಡುಗ ಇದ್ದಾನೆ. ಅಮನ್ ಕಾಚ್ರೂ, ಹತ್ತೊಂಬತ್ತು ವರ್ಷ, ಹಿಮಾಚಲ ಪ್ರದೇಶದ ಟಾಂಡಾ ಅನ್ನುವಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಮೊದಲ ವರ್ಷ. ಕುಡಿದು ಬಂದ ಸೀನಿಯರುಗಳ ಹೊಡೆತ ತಿಂದು 2009ರ ಮಾರ್ಚ್ 8ರಂದು ಸತ್ತ. ಹಾಗಂತ ಕಾನೂನು ಮೊದಲು ಇರಲಿಲ್ಲ ಅಂತಲ್ಲ. ನಮ್ಮ ರಾಜ್ಯದ 1983ರ ಶಿಕ್ಷಣ ಕಾಯ್ದೆಯಲ್ಲೇ ರ‍್ಯಾಗಿಂಗ್ ಅಪರಾಧ, ಆ ಕಾಯ್ದೆ ಜಾರಿಗೆ ಬಂದದ್ದು ಮಾತ್ರ 1995ರಲ್ಲಿ. ಸುಪ್ರೀಂ ಕೋರ್ಟ್ 2001ರಲ್ಲಿ ನಿರ್ದೇಶನ ಕೊಟ್ಟಿತ್ತು, ಸಿಬಿಐ ನಿರ್ದೇಶಕರಾಗಿದ್ದ ರಾಘವನ್ ಅವರ ಸಮಿತಿ 2007ರಲ್ಲಿ ವರದಿ ಕೊಟ್ಟಿತ್ತು. ಕಾಗದಗಳು ಕಪಾಟಿನಲ್ಲಿ ಇದ್ದವು. ಅಮನ್ ಸತ್ತ ಮೇಲೆ ಅವನ ಅಪ್ಪ ರಾಜೇಂದ್ರ ಕಾಚ್ರೂ ಸುಮ್ಮನೆ ಕೂಡಲಿಲ್ಲ. ಕೋರ್ಟು, ದಿಲ್ಲಿಯ ಕಚೇರಿಗಳು, ಎಲ್ಲ ಕಡೆ ತಿರುಗಿದರು. ಅದೇ ವರ್ಷ ಯುಜಿಸಿಯ ನಿಯಮಗಳು ಬಂದವು, ರಾಷ್ಟ್ರೀಯ ಸಹಾಯವಾಣಿ ಬಂತು, ಅಪ್ಪ ಮಗ ಸಹಿ ಹಾಕುವ ಕಾಗದ ಬಂತು. 2010ರಲ್ಲಿ ನಾಲ್ವರು ಸೀನಿಯರುಗಳಿಗೆ ನಾಲ್ಕು ವರ್ಷ ಶಿಕ್ಷೆಯಾಯಿತು.

ಇಬ್ಬರು ಅಪ್ಪಂದಿರನ್ನು ಪಕ್ಕದಲ್ಲಿ ನಿಲ್ಲಿಸಿ ತೂಗಬೇಕಂತ ಇದನ್ನು ಹೇಳಲಿಲ್ಲ. ನೂರು ವರ್ಷದ ಅಂತರ ಇದೆ. ಆದರೂ ಒಂದು ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಅಮನ್ ಹೆಸರು ದೆವ್ವದ ಕತೆಯಲ್ಲಿ ಬರುವುದಿಲ್ಲ, ಅವನ ಹೆಸರಿನ ಟ್ರಸ್ಟ್ ವರ್ಷಗಟ್ಟಲೆ ಆ ಸಹಾಯವಾಣಿಯ ದೂರುಗಳ ಬೆನ್ನು ಹತ್ತಿತ್ತು.

ಗ್ಯಾಂಬಿಯರ್ ದಾರಿಯಲ್ಲಿ ಈಗ ರೈಲು ಓಡುವುದಿಲ್ಲ. ಹಳಿ ಕಿತ್ತು, ಮೌಂಟ್ ವರ್ನನ್‌ನಿಂದ ಡ್ಯಾನ್‌ವಿಲ್ ತನಕ 14 ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್, ಡಾಂಬರಿನ ಸೈಕಲ್ ದಾರಿ ಮಾಡಿದ್ದಾರೆ. ಅದು ಕೊಕೋಸಿಂಗ್ ನದಿಯನ್ನು ದಾಟಿಯೇ ಹೋಗುತ್ತದೆ. ಸಣ್ಣ ಮಕ್ಕಳು ಅಪ್ಪ ಅಮ್ಮನ ಜೊತೆ ಅದರ ಮೇಲೆ ಸೈಕಲ್ ಕಲಿಯುತ್ತಾರೆ.